ಕೀಲಿ ಓಣಿಗೆ ಆ ಹೆಸರು ಹೇಗೆ ಬಂತು

ಸಿಂದಗಿಯಲ್ಲಿ ಬಳೆಗಾರರಿದ್ದ ಕಡೆ ಬಳಿಗೇರ ಓಣಿ, ಗಾಣವಿದ್ದ ಕಡೆ ಗಾಣಿಗೇರ ಓಣಿ. ನಮ್ಮದು ಕೀಲಿ ಓಣಿ. ಇಲ್ಲಿ ಕೀಲಿ ಮಾಡುವವರು ಯಾರೂ ಇರಲಿಲ್ಲ. ನಾನು ಈ ಓಣಿಗೆ ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಆ ಹೆಸರಿನ ಕಥೆ ಹೇಳಿ ಮುಗಿಸಿದ್ದಳು.

ಹಿಂದೆ ಪ್ಲೇಗಿನ ಬೇನೆ ಬಂದಾಗ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಈ ಓಣಿಯ ಒಂದು ಮನೆಯವರು ಗಡ್ಡೆ ಎದ್ದ ಹೆಂಗಸನ್ನು ಸತ್ತಳೆಂದು ಒಳಗೇ ಬಿಟ್ಟು, ಕೀಲಿ ಹಾಕಿ ಹೋದರು. ಆಕೆ ಸತ್ತಿರಲಿಲ್ಲ. ಬಾಗಿಲ ಮುಂದೆ ಹಾದವರಿಗೆ "ನಾ ಅದೀನಿ, ಕೀಲಿ ತಗೀರಿ" ಎಂದು ಕೇಳಿಸುತ್ತಿತ್ತಂತೆ. ಬೇನೆಗೆ ಹೆದರಿ ಯಾರೂ ತೆಗೆಯಲಿಲ್ಲ. ಮನೆಯವರು ತಿರುಗಿ ಬಂದಾಗ ಆಕೆ ಹೊಸ್ತಿಲ ಒಳಮಗ್ಗುಲಲ್ಲಿ ಸತ್ತು ಬಿದ್ದಿದ್ದಳು.

ಅಂದಿನಿಂದ ಈ ಓಣಿಯಲ್ಲಿ ಒಂದು ಪದ್ಧತಿ. ಮನೆಗೆ ಕೀಲಿ ಹಾಕುವ ಮೊದಲು ಮನೆಮಂದಿಯನ್ನೆಲ್ಲ ಎಣಿಸಿ ಹೊರಗೆ ಕರೆತರಬೇಕು. ಆಮೇಲೆ ಖಾಲಿ ಮನೆಯೊಳಗೆ "ಯಾರರ ಅದೀರೇನು?" ಎಂದು ಕೂಗಬೇಕು. ದನಿ ಬರದಿದ್ದರೆ ಸಾವಕಾಶ ಕೀಲಿ ಹಾಕಬೇಕು. ದನಿ ಬಂದರೆ ಅದು ಆಕೆಯದು. ಲಗುಬಗೆ ಕೀಲಿ ಹಾಕಿ, ತಿರುಗಿ ನೋಡದೆ ಹೋಗಬೇಕು.

ಹೋದ ವರ್ಷ ಒಂದು ಮುಂಜಾನೆ ಪಕ್ಕದ ಮನೆಯವರು ತಾಂಬಾ ಊರಿಗೆ ತೊಟ್ಟಿಲ ಕಾರ್ಯಕ್ಕೆ ಹೊರಟರು. ಆ ಮನೆಯ ಮುದುಕಿ ನನ್ನ ವಾರಿಗೆಯವಳು. ದಿನಾ ಜಗಳ, ದಿನಾ ಚಹಾ. ಮಗ ಮಕ್ಕಳನ್ನು ಕರೆದುಕೊಂಡು ಮೊದಲು ಟಂಟಂ ಹತ್ತಿದ. ತಾಯಿ ಸೊಸೆಯ ಜೊತೆ ಬಸ್ಸಿಗೆ ಬರುತ್ತಾಳೆ ಎಂದು ಅವನು ತಿಳಿದ. ಅತ್ತೆ ಮಗನ ಜೊತೆ ಹೋದಳು ಎಂದು ಸೊಸೆ ತಿಳಿದಳು. ಸೊಸೆ ಬಾಗಿಲಲ್ಲಿ ನಿಂತು ಕೂಗಿದಳು. ಕೀಲಿ ಹಾಕಿ ನನ್ನ ಕಟ್ಟೆಗೆ ಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು.

"ದೊಡ್ಡವ್ವ, ಇವತ್ತ ದನಿ ಬಂತ್ರಿ."

ಎದುರು ಮನೆಯವಳು ಅಲ್ಲಿಂದಲೇ ಅಂದಳು, "ಬಂದ್ರ ಬರ್ಲಿ, ಹಿಂದ ನೋಡಬ್ಯಾಡ. ಬಸ್ ಹೋಗತೈತಿ, ನಡಿ."

ಅವಳು ಹೋದಳು. ನಾನು ತೊಗರಿ ಹಸನು ಮಾಡುತ್ತ ಕೂತೆ. ಬಿಸಿಲು ಏರಿದ ಮೇಲೆ ಆ ಮನೆಯಿಂದ ಹೆಂಗಸಿನ ದನಿ ಕೇಳಿಸಿತು, ಹತ್ತಿರ ಕೂತು ಹೇಳಿದಷ್ಟು ಚೊಕ್ಕ. "ನಾ ಅದೀನಿ. ಕೀಲಿ ತಗೀರಿ." ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ನಾಯಿ ಸಹ ಎದ್ದು ಹೋಯಿತು.

ನಾನೂ ಒಳಗೆ ಹೋಗಬೇಕೆಂದು ಎದ್ದೆ. ಆಗ ಅವರ ಮೆಟ್ಟಿಲ ಮೇಲೆ ಮುದುಕಿಯ ಚಪ್ಪಲಿ ಕಂಡವು. ಕಾಲಿನ ಆಣಿಯಿಂದಾಗಿ ಆಕೆ ಚಪ್ಪಲಿ ಇಲ್ಲದೆ ಬೀದಿಗೆ ಇಳಿಯುವವಳಲ್ಲ. ಮುದುಕಿ ಒಳಗೇ ಇದ್ದಾಳೆ. ಮನೆಯವರು ಬರುವುದು ಮರುದಿನ. ನಾನು ಹಾರೆ ತಂದೆ.

ಎದುರು ಮನೆಯವಳು ಕಿಡಕಿಯಿಂದ ಚೀರಿದಳು, "ಏ ಮುದಕಿ, ಮುಟ್ಟಬ್ಯಾಡ! ಆಕಿ ಹೊರಗ ಬಂದ್ರ ಯಾರ ಮನಿ ಹೊಕ್ಕಾಳು?"

"ನಿಮ್ಮನಿ ಹೊಗಲಿ. ಕಸಾನರ ಹೊಡೀತಾಳ."

ಅಂದು ಅವರ ಬಾಗಿಲಿಗೆ ಹೋದೆ. ಹಾರೆ ಹಾಕಿ ಎತ್ತುವಷ್ಟು ಹೊತ್ತೂ ಆ ದನಿ ಬಾಗಿಲ ಹಿಂದೆಯೇ ಇತ್ತು. ಕೀಲಿ ಕಳಚಿ ಕೆಳಗೆ ಬಿತ್ತು, ದನಿ ನಿಂತಿತು. ಬಾಗಿಲು ದೂಡಿದೆ. ಬಾಗಿಲ ಹಿಂದೆ ಯಾರೂ ಇರಲಿಲ್ಲ.

ಮುದುಕಿ ಹಿಂದಿನ ಅಡುಗೆಮನೆಯಲ್ಲಿ, ಜೋಳದ ಚೀಲದ ಮರೆಗೆ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಕಣ್ಣಷ್ಟೇ ಹೊರಳುತ್ತಿದ್ದವು. ಹೆಸರು ಹಿಡಿದು ಕರೆದೆ. ಜೊಲ್ಲು ಬಂತು, ಮಾತು ಬರಲಿಲ್ಲ.

ಟಂಟಂನಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದೆವು. ಡಾಕ್ಟರು ನೋಡಿ, "ಲಕ್ವಾ ಹೊಡದೈತಿ. ನಾಳಿ ತನಕ ಬಿಟ್ಟಿದ್ರ ಉಳೀತಿರ್ಲಿಲ್ಲ," ಅಂದರು.

"ಈಗ ಹೊಡದಿರಬೇಕ್ರಿ. ಮಧ್ಯಾಹ್ನ ಕೂಗಾಕತ್ತಿದ್ಲು," ಅಂದೆ.

"ಇಲ್ಲಬೇ ಅಮ್ಮ. ಮುಂಜಾನೇನ ನಾಲಿಗಿ ಬಿದ್ದೈತಿ. ಈಕಿ ಕೂಗಿರಾಕ ಸಾಧ್ಯನ ಇಲ್ಲ."

ಮುದುಕಿ ಬದುಕಿದಳು. ಮಾತು ಮಾತ್ರ ಬರಲಿಲ್ಲ. ಈಗ ಜಗಳ ನಾನೊಬ್ಬಳೇ ಆಡುತ್ತೇನೆ. ಅವಳ ಸೊಸೆ ಒಂದು ದಿನ ನನ್ನ ಕಾಲ ಹತ್ತಿರ ಕೂತು, "ದೊಡ್ಡವ್ವ, ಹಂಗಾರ ನನಗ ಓ ಅಂದಾಕಿ ಯಾರು?" ಎಂದು ಕೇಳಿದಳು.

"ಹೋಗಿ ರೊಟ್ಟಿ ಬಡಿ," ಅಂದೆ.

ಈಗ ಓಣಿಯಲ್ಲಿ ಪದ್ಧತಿ ಬೇರೆಯಾಗಿದೆ. ದನಿ ಬಂದರೆ ಓಡುವುದಿಲ್ಲ, ಒಳಗೆ ಹೋಗಿ ಮೂಲೆ ಮೂಲೆ ನೋಡುತ್ತೇವೆ. ಮೊನ್ನೆ ಸಂತೆಗೆ ಹೊರಟಾಗ ನಾನು ಕೂಗಿದೆ. ಒಳಗಿನಿಂದ "ಅದೀನಿ" ಎಂದು ಬಂತು. ತಿರುಗಿ ಒಳಗೆ ಹೋದೆ. ಅಡುಗೆಮನೆ, ಹಿತ್ತಲು, ಮಂಚದ ಕೆಳಗೆ, ಎಲ್ಲ ನೋಡಿದೆ. ಯಾರೂ ಇರಲಿಲ್ಲ.

ಬಾಗಿಲು ತೆರೆದಿಟ್ಟೇ ಸಂತೆಗೆ ಹೋದೆ.