ನೆತ್ತಿಯ ಮೇಲಿನ ಹಸಿರು ಪೊಟ್ಟಣ

ತೈನಾನ್ ಊರಿನ ಲಿಯಾವ್ ಮನೆತನದವರ ಬೆರಳಿಗೆ ಯಂತ್ರಗಳು ಮಾತು ಕೇಳುತ್ತವೆಂದು ಓಣಿಯಲ್ಲಿ ಹೆಸರಿತ್ತು. ಅಜ್ಜ ತೋ ಭೂಕಂಪಕ್ಕೆ ನಿಂತುಹೋದ ಶಾಲೆಯ ಗಡಿಯಾರವನ್ನು ಒಂದೇ ಹಗಲಲ್ಲಿ ನಡೆಸಿದ. ಅಪ್ಪ ಹೊಕ್‌ಸಿಂಗ್ ಮೂಕವಾದ ರೇಡಿಯೋಗಳನ್ನೆಲ್ಲ ಮಾತಾಡಿಸಿದ. ಮಗಳು ಗ್ಯೋಕ್‌ಹಾ ಇಪ್ಪತ್ತಾರು ವರ್ಷ ಕಂಪ್ಯೂಟರ್ ಮೌಸ್ ಕಾರ್ಖಾನೆಯಲ್ಲಿ ಬೆವರು ಸುರಿಸಿ, ಆಮೇಲೆ ಕಡಲಮ್ಮನ ಗುಡಿಯಲ್ಲಿ ಹೊಸ ವರ್ಷದ ದೀಪ ಹಚ್ಚಿಸುವವರ ಪಟ್ಟಿ ಬರೆಯುವ ಸೇವೆ ಹಿಡಿದಳು.

ಈ ಸಲ ಗುಡಿಯ ಮೇಲ್ವಿಚಾರಕ ಚಿನ್‌ಹೋಕ್ ಬೆಳಿಗ್ಗೆಯೇ ಎಚ್ಚರಿಸಿದ್ದ.

"ದೊಡ್ಡಮ್ಮ, ಮಧ್ಯಾಹ್ನದೊಳಗೆ ಪಟ್ಟಿ ಅಚ್ಚಿಗೆ ಹೋಗ್ಬೇಕು. ಇಲ್ಲಾಂದ್ರೆ ಮುಂದಿನ ವರ್ಷ ಬೇರೆಯವ್ರಿಗೆ ಕೊಡ್ತಾರಂತೆ. ಮುದುಕಿ ಕೈ ನಡುಗ್ತದೆ ಅಂತಿದ್ದಾರೆ ಸಮಿತಿಯವ್ರು."

"ನಡುಗೋದು ಕೈ ಕಣೋ, ಅಕ್ಷರ ಅಲ್ಲ."

ನಲವತ್ತು ಹೆಸರು ಉಳಿದಿರುವಾಗ ವೈರ್ ಇಲ್ಲದ ಮೌಸ್ ಕೈಕೊಟ್ಟಿತು. ಬ್ಯಾಟರಿ ಬದಲಿಸಿದಳು. ಅಂಗಾತ ಮಾಡಿ ನೋಡಿದರೆ ಹೊಟ್ಟೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಜೀವವಿದೆ, ಕೂಗು ಮಾತ್ರ ಮುಟ್ಟುತ್ತಿಲ್ಲ.

"ಮುನಿಸ್ಕೊಂಡಿದೆ ಅಷ್ಟೇ," ಎಂದ ಚಿನ್‌ಹೋಕ್. "ಹಾಗಾಗ್ಬಾರ್ದು ಅಂತ್ಲೇ ಈಗ ತಾನೇ ಕಂಪ್ಯೂಟರ್ ಮೇಲೆ ದೊಡ್ಡ ಪೊಟ್ಟಣ ತಂದಿಟ್ಟಿದ್ದೆ."

ಯಂತ್ರ ರಚ್ಚೆ ಹಿಡಿಯದಿರಲೆಂದು ಅದರ ನೆತ್ತಿಯ ಮೇಲೆ ಜೋಳದ ತಿನಿಸಿನ ಹಸಿರು ಪೊಟ್ಟಣ ಇಡದವರು ಆ ಊರಲ್ಲಿಲ್ಲ. ಹಸಿರೇ ಆಗಬೇಕು, ತಾರೀಖು ಮೀರಿರಬಾರದು. ಗ್ಯೋಕ್‌ಹಾ ತಾರೀಖು ನೋಡಲು ಎಡಗೈಯಲ್ಲಿ ಪೊಟ್ಟಣ ಎತ್ತಿದಳು. ಬಲಗೈಯಡಿ ಮೌಸ್ ಜರುಗಿತು, ಪರದೆಯ ಮೇಲೆ ಬಾಣವೂ ಓಡಿತು. ಪೊಟ್ಟಣ ಇಟ್ಟಳು, ಬಾಣ ನಿಂತಿತು.

ಅವಳು ಕಂಪ್ಯೂಟರಿನ ನೆತ್ತಿಯತ್ತ ಬಗ್ಗಿ ನೋಡಿದಳು. ಮೌಸಿನ ಕೂಗು ಕೇಳುವ ಉಗುರಿನಷ್ಟು ರಿಸೀವರ್ ನೆತ್ತಿಯಲ್ಲೇ ಸಿಕ್ಕಿಸಿತ್ತು. ಪೊಟ್ಟಣದ ಒಳಮೈಯ ಬೆಳ್ಳಿ ಹಾಳೆ ಅದನ್ನು ಮುಸುಕಿತ್ತು. ಕಾರ್ಖಾನೆಯಲ್ಲಿ ಒಂದು ಮೌಸಿನ ಕೂಗು ಇನ್ನೊಂದರ ರಿಸೀವರಿಗೆ ಕೇಳದಿರಲೆಂದು ತಗಡಿನ ಪೆಟ್ಟಿಗೆಯಲ್ಲಿಟ್ಟೇ ಪರೀಕ್ಷಿಸುತ್ತಿದ್ದರು. ಒಳ್ಳೆಯದಾಗಲೆಂದು ಇಟ್ಟ ಕಾವಲೇ ಬಾಯಿ ಕಟ್ಟಿತ್ತು. ನಂಬಿಕೆಯನ್ನು ಕಸಕ್ಕೆಸೆಯಲು ಮನಸ್ಸು ಬರಲಿಲ್ಲ. ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಅಂಚಿಗೆ ಸರಿಸಿದಳು.

ಚಿನ್‌ಹೋಕ್ ನಾಚಿ ಕುರ್ಚಿ ಎಳೆದುಕೊಂಡ. "ಹೊತ್ತಾಯ್ತು ದೊಡ್ಡಮ್ಮ. ನೀವು ಹೆಸ್ರು ಓದ್ತಾ ಹೋಗಿ, ಮೌಸ್ ನಾನು ಹಿಡೀತೀನಿ."

"ಬೇಡಪ್ಪ. ನೀನೂ ಆ ಪೊಟ್ಟಣದ ಹಾಗೇ ಪಕ್ಕದಲ್ಲಿ ಕೂತ್ಕೋ, ಸಾಕು. ನೆತ್ತಿ ಮೇಲೆ ಬರ್ಬೇಡ."