ಮೂರನೆಯ ತೊಟ್ಟಿಲಿನ ಜಾಮೀನು

ಸಿಂಧನೂರಿನ ನಮ್ಮ ಮಹಿಳಾ ಮಂಡಳಿಗೆ ನಾನು ಕಾರ್ಯದರ್ಶಿಯಾದದ್ದು ಯಾವ ದೊಡ್ಡ ಗುಣಕ್ಕೂ ಅಲ್ಲ. ಲಿಂಗಸುಗೂರಿನಲ್ಲಿ ಏಳನೆಯ ತರಗತಿ ಮುಗಿಸಿ ಮದುವೆಯಾಗಿ ಬಂದಿದ್ದೆ, ಅಕ್ಷರ ದುಂಡಗಿತ್ತು, ಅಷ್ಟೇ. ಮಂಡಳಿಯ ಉಳಿದ ಹೆಂಗಸರು ನನಗಿಂತ ಹಿರಿಯರು, ಲೋಕ ಕಂಡವರು. ಆದರೆ ಬರೆಯುವ ಕೆಲಸ ಅಂದ ಕೂಡಲೇ ಅವರಿಗೆಲ್ಲ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗುತ್ತಿತ್ತು.

ನನ್ನ ಅಪ್ಪ ನಿಜಾಮನ ಕಾಲದಲ್ಲಿ ಕಚೇರಿಯ ಗುಮಾಸ್ತನಾಗಿದ್ದವನು. ಮನೆಯ ಅಟ್ಟದ ಮೇಲಿದ್ದ ತಾಮ್ರದ ಪಾತ್ರೆಗಳಿಗೂ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದ. ಆ ರೋಗ ನನಗೂ ಬಂದಿತ್ತು. ಮಂಡಳಿಗೆ ಸೇರಿದ ವಾರದಲ್ಲೇ ಒಂದು ದಪ್ಪ ರಿಜಿಸ್ಟರ್ ತರಿಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಖಾನೆಗಳನ್ನು ಮಾಡಿದೆ. ಒಯ್ದವರು ಯಾರು, ಒಯ್ದ ದಿನ, ತಂದ ದಿನ, ಜಾಮೀನು ಯಾರದು, ತೊಟ್ಟಿಲು ಹೇಗಿದೆ.

ಹೌದು, ತೊಟ್ಟಿಲು. ನಮ್ಮ ಮಂಡಳಿ ಭಜನೆ, ಹೊಲಿಗೆ ಎಲ್ಲ ಮಾಡುತ್ತಿತ್ತು, ಆದರೆ ಊರಲ್ಲಿ ಹೆಸರಾಗಿದ್ದು ತೊಟ್ಟಿಲುಗಳಿಂದ. ಮೂರಿದ್ದವು. ಮನೆಯಲ್ಲಿ ತೊಟ್ಟಿಲಿಲ್ಲದ ಬಾಣಂತಿಗೆ ಮೂರು ತಿಂಗಳ ಮಟ್ಟಿಗೆ ಪುಕ್ಕಟೆ ಕೊಡುವುದು, ಆಮೇಲೆ ತಿರುಗಿ ಪಡೆದು ಇನ್ನೊಬ್ಬಳಿಗೆ ಕೊಡುವುದು. ಎರಡು ತೊಟ್ಟಿಲುಗಳನ್ನು ಎಲ್ಲರೂ ಇಷ್ಟಿಷ್ಟು ದುಡ್ಡು ಸೇರಿಸಿ, ವರ್ಗಣಿ ಹಾಕಿ ಮಾಡಿಸಿದ್ದರು. ಮೂರನೆಯದು ಅಧ್ಯಕ್ಷರ ಮನೆಯಿಂದ ಬಂದದ್ದು. ಸಾಗುವಾನಿಯದು, ತನ್ನ ನಾಲ್ಕು ಕಾಲಿನ ಮೇಲೆ ತಾನೇ ನಿಲ್ಲುವಂಥದು. ತೂಗುಹಾಕಲು ತೊಲೆ ಬೇಕಿರಲಿಲ್ಲ.

ಅಧ್ಯಕ್ಷರು ಕಿರಾಣಿ ವ್ಯಾಪಾರಿಯ ಹೆಂಡತಿ. ಹಣೆತುಂಬ ವಿಭೂತಿ, ಅಳೆದು ತೂಗಿ ಎರಡು ಮಾತು. ನಮಗೆಲ್ಲ ಅವರನ್ನು ಕಂಡರೆ ಭಯ. ಅವರಿಗೆ ಮಕ್ಕಳಿರಲಿಲ್ಲ, ಹಾಗಾಗಿ ಆ ತೊಟ್ಟಿಲನ್ನು ಪುಣ್ಯಕ್ಕೆಂದು ಮಾಡಿಸಿ ಕೊಟ್ಟಿದ್ದಾರೆ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ಹೊಸದರಂತೆ ಫಳಫಳ ಹೊಳೆಯುತ್ತಿತ್ತು ಬೇರೆ.

ಕಾಲುವೆಯ ಕೆಲಸ ಜೋರಾಗಿ ನಡೆದಿದ್ದ ದಿನಗಳು ಅವು. ಊರ ಹೊರಗೆ ಮಣ್ಣು ಹೊರುವವರ ಗುಡಿಸಲುಗಳು ಸಾಲಾಗಿ ಎದ್ದಿದ್ದವು, ಅದನ್ನು ಕ್ಯಾಂಪು ಎನ್ನುತ್ತಿದ್ದೆವು. ಕೆಲವರು ನಮ್ಮ ಕಡೆಯವರು, ಕೆಲವರು ತೆಲುಗರು. ಒಮ್ಮೆ ಆ ಕಡೆ ಹೋದಾಗ ಹಸುಗೂಸೊಂದನ್ನು ಗೋಣಿತಟ್ಟಿನ ಮೇಲೆ ನೆಲಕ್ಕೇ ಮಲಗಿಸಿದ್ದು ಕಂಡೆ. ಕರಿಮಣ್ಣಿನ ಬಿರುಕಲ್ಲಿ ಚೇಳು ತುಂಬಿರುವ ನೆಲ ಅದು. ಮುಂದಿನ ಸಭೆಯಲ್ಲಿ, ಕ್ಯಾಂಪಿನವರಿಗೂ ತೊಟ್ಟಿಲು ಕೊಡೋಣ, ಕಾಲಿರುವ ಆ ಮೂರನೆಯದನ್ನೇ ಕೊಡೋಣ ಎಂದೆ.

"ಇವತ್ತ ಇಲ್ಲಿರ್ತಾರ, ನಾಳೆ ಎಲ್ಲಿರ್ತಾರೋ. ಅವರ ಜವಾಬ್ದಾರಿ ಯಾರು ಹೊರಬೇಕು?" ಎಂದಳು ಒಬ್ಬಳು.

"ನಾ ಹೊರ್ತೀನ್ರಿ," ಎಂದೆ. ಮೂಗಿನ ತುದಿಯಲ್ಲೇ ಸಿಟ್ಟಿರುವ ಹೆಂಗಸು ನಾನು, ಮಾತು ಬಾಯಿಂದ ಜಾರಿಬಿಟ್ಟಿತ್ತು.

ಅಧ್ಯಕ್ಷರು ನನ್ನನ್ನೇ ನೋಡಿ, "ಹಂಗಂತ ಬರದಿಡು," ಎಂದರು. ಜಾಮೀನಿನ ಖಾನೆಯಲ್ಲಿ ನನ್ನ ಹೆಸರನ್ನೇ ಬರೆದೆ.

ಮೂರು ತಿಂಗಳಾಯಿತು, ಆರಾಯಿತು, ಹತ್ತಾಯಿತು. ತೊಟ್ಟಿಲಿನ ಸುದ್ದಿಯಿಲ್ಲ. ತಿಂಗಳ ಸಭೆಯಲ್ಲಿ ರಿಜಿಸ್ಟರನ್ನು ಗಟ್ಟಿಯಾಗಿ ಓದುವುದು ನಾನೇ ಮಾಡಿದ್ದ ಪದ್ಧತಿ. "ಮೂರನೆಯ ತೊಟ್ಟಿಲು, ಕ್ಯಾಂಪಿನ ಬಾಣಂತಿ, ತಂದಿಲ್ಲ" ಎಂದು ಪ್ರತಿ ಸಲ ಓದುವಾಗಲೂ ಆ ಬಾಣಂತಿಯ ಮೇಲೆ ನನ್ನ ಸಿಟ್ಟು ಏರುತ್ತಲೇ ಹೋಯಿತು. ಅದೇ ಹೊತ್ತಿಗೆ ಕ್ಯಾಂಪಿನ ಇನ್ನೊಬ್ಬ ತುಂಬು ಬಸುರಿ ದಿನಾ ಬಂದು ನಮ್ಮ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ನಿಮ್ಮಾಕಿನ ಒಯ್ದು ಕುಂತಾಳ, ಹೋಗಿ ಅಕಿನ್ನ ಕೇಳು," ಎಂದು ಗದರಿಸಿ ಕಳಿಸಿದ್ದೆ. ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಕಡೆಗೆ ಅಧ್ಯಕ್ಷರು ಒಂದೇ ಮಾತು ಹೇಳಿದರು. "ಬರೋ ವಾರ ಮತ್ತ ಸಭಾ ಕೂಡೋಣು, ಅಷ್ಟರಾಗ ತೊಟ್ಲ ಬರಬೇಕು. ಇಲ್ಲಾಂದ್ರ ಕ್ಯಾಂಪಿನವರಿಗೆ ಕೊಡೋದು ಬಂದ್."

ಮರುದಿನವೇ ಹೊರಟೆ. ತೊಟ್ಟಿಲು ಒಯ್ದವಳ ಗುಡಿಸಲು ಇದ್ದ ಜಾಗದಲ್ಲಿ ಮೂರು ಒಲೆಗಲ್ಲು ಬಿಟ್ಟರೆ ಏನೂ ಇರಲಿಲ್ಲ. ಕೆಲಸ ಮುಂದೆ ಸರಿದಿತ್ತು, ಜನವೂ ಸರಿದಿದ್ದರು; ಊರ ಹತ್ತಿರ ಉಳಿದದ್ದು ಆ ಬಸುರಿಯದೂ ಸೇರಿ ನಾಲ್ಕೈದು ಗುಡಿಸಲು. ಮಸ್ಕಿಯ ಬಸ್ಸು ಹತ್ತಿ, ಕಂಡಕ್ಟರ್ ತೋರಿಸಿದಲ್ಲಿ ಇಳಿದು, ಕಾಲುವೆಯ ಏರಿ ಹಿಡಿದು ನಡೆದೆ. ಮೊದಲು ಒಯ್ದವಳು ಅಲ್ಲೇ ಬುಟ್ಟಿ ಹೊರುತ್ತಿದ್ದಳು. ನನ್ನನ್ನು ಕಂಡು ಖುಷಿಯಿಂದ ಓಡಿ ಬಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳ ಅರ್ಧ ಅಲ್ಲೇ ಉದುರಿಹೋಯಿತು.

"ತೊಟ್ಲ ಎಲ್ಲೈತಿ ಬೇ?"

"ಬಾಜೂ ಗುಡಿಸಲಾಕಿ ಹಡದ್ಲಕ್ಕಾ, ಅಕಿಗೆ ಕೊಟ್ಟೆ."

ಬಾಜೂ ಗುಡಿಸಲಿನವಳು ಇನ್ನೊಬ್ಬಳಿಗೆ ಕೊಟ್ಟಿದ್ದಳು. ಆ ಇನ್ನೊಬ್ಬಳು ಗಂಡನ ಜೊತೆ ಬೇರೆ ಕಡೆ ಹೋಗಿದ್ದಳು, ಆದರೆ ಹೋಗುವ ಮೊದಲು ಮತ್ತೊಬ್ಬಳಿಗೆ ಒಪ್ಪಿಸಿ ಹೋಗಿದ್ದಳು. ಬಿಸಿಲು ನೆತ್ತಿಗೆ ಬರುವವರೆಗೆ ಗುಡಿಸಲಿಂದ ಗುಡಿಸಲಿಗೆ ಅಲೆದೆ. ಯಾರನ್ನು ಕೇಳಿದರೂ ಯಾರಿಗೆ ಕೊಟ್ಟೆ ಎಂದು ತಡವರಿಸದೆ ಹೇಳಿದರು. ಮೂರು ತಿಂಗಳು ಯಾರೂ ಇಟ್ಟುಕೊಂಡಿರಲಿಲ್ಲ. ಮುಂದಿನವಳಿಗೆ ದಿನ ತುಂಬುತ್ತಲೇ ಕೊಟ್ಟುಬಿಟ್ಟಿದ್ದರು.

ಕೊನೆಯ ಗುಡಿಸಲಲ್ಲಿ ತೊಟ್ಟಿಲಿತ್ತು. ಐದನೆಯವಳ ಕೂಸು ಅದರಲ್ಲಿ ಬಾಯಿ ತೆರೆದು ನಿದ್ದೆ ಹೊಡೆದಿತ್ತು. ತಲೆಯ ಕಡೆಯ ಪಟ್ಟಿಯ ಮೇಲೆ ಹಳೇ ಸೀರೆಯ ನಾಲ್ಕು ಚಿಂದಿ ಕಟ್ಟಿದ್ದವು. ಸಾಗುವಾನಿ ತೊಟ್ಟಿಲಿಗೆ ಇದೇನು ಹೊಲಸು ಎಂದು ಬಿಚ್ಚಲು ಕೈ ಹಾಕಿದೆ.

"ಬಿಚ್ಚಬ್ಯಾಡ್ರೀ ಅಕ್ಕಾರ," ಎಂದಳು ಬಾಣಂತಿಯ ಅತ್ತೆ. "ಅದು ಲೆಕ್ಕ ಐತಿ."

ಮುದುಕಿ ಒಂದೊಂದೇ ಚಿಂದಿಯನ್ನು ಮುಟ್ಟುತ್ತ ಹೇಳಿದಳು. "ಈ ಕೆಂಪಂದು ಮೊದಲನೇಕೀದು. ಗಂಡು. ಈಗ ಹಿಡಕೊಂಡು ನಿಂದ್ರಾಕತ್ತಾನ. ಈ ಹಸರಂದು ಹೆಣ್ಣು, ಎರಡು ಹಲ್ಲು ಬಂದಾವ. ಈ ನೀಲಿದು ಊರು ಬಿಟ್ಟು ಹೋದಾಕೀದು, ಅಕಿದೂ ಹೆಣ್ಣ. ಚಲೋ ಐತಂತ ಹೇಳಿ ಕಳಿಸ್ಯಾಳ."

ಮೂರಕ್ಕೂ ಒಂದೊಂದು ಗಂಟು. ನಾಲ್ಕನೆಯ ಹಳದಿ ಚಿಂದಿಗೆ ಮಾತ್ರ ಎರಡು ಗಂಟು ಬಿಗಿದಿತ್ತು. ಅದನ್ನು ಕೇಳಿದೆ.

"ಅದು ಉಳೀಲಿಲ್ರೀ. ಹನ್ನೊಂದು ದಿನಕ್ಕ ಹೋತು."

"ಹೋದ ಕೂಸಿಂದು ಯಾಕ ಕಟ್ಟೀರಿ?"

ಮುದುಕಿ ನನ್ನ ಮುಖ ನೋಡಿದಳು, ಇಷ್ಟೂ ತಿಳಿಯದವಳಾ ಎನ್ನುವ ಹಾಗೆ. "ಮಲಗಿತ್ತಲ್ರೀ ಇದರಾಗ," ಎಂದಳು.

ನನ್ನ ರಿಜಿಸ್ಟರಿನ ಕೊನೆಯ ಖಾನೆ ಕಣ್ಣ ಮುಂದೆ ಬಂತು: ತೊಟ್ಟಿಲು ಹೇಗಿದೆ. ಬಣ್ಣ ಹೋಗಿದೆಯೇ, ಕಾಲು ಮುರಿದಿದೆಯೇ ಎಂದು ಇಷ್ಟು ದಿನ ಪ್ರತಿಯೊಬ್ಬಳನ್ನೂ ಕೇಳಿದ್ದೆ. ಕೂಸು ಹೇಗಿದೆ ಎಂದು ಒಬ್ಬಳನ್ನೂ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ತಪ್ಪಾತೇನ್ರೀ?" ಎಂದು ಹೆದರಿದಳು ಬಾಣಂತಿ. "ಹಿಂದಕ್ಕ ಕೊಡಬೇಕಂತ ಗೊತ್ತಿತ್ತು. ಆದ್ರ ಒಬ್ಬಾಕಿ ಬಿಟ್ಟ ಕೂಡ್ಲೇ ಇನ್ನೊಬ್ಬಾಕಿ ಹಡದಿರ್ತಿದ್ಲು."

"ತಪ್ಪು ನಂದೈತಿ," ಎಂದೆ. ಅವಳ ಕೂಸಿಗೆ ಎರಡು ತಿಂಗಳು ತುಂಬಿತ್ತು. ಸಿಂಧನೂರಿನಲ್ಲಿ ಒಬ್ಬ ಬಸುರಿ ಕಾಯುತ್ತಿದ್ದಾಳೆ ಎಂದು ಹೇಳಿದ್ದೇ ತಡ, ಕೂಸನ್ನು ಎತ್ತಿಕೊಂಡು, ತನ್ನದೊಂದು ಕಂದು ಚಿಂದಿಯನ್ನು ಹಳದಿಯ ಪಕ್ಕದಲ್ಲಿ ಕಟ್ಟಿ, ತಾನಾಗಿಯೇ ತೊಟ್ಟಿಲು ಕೊಟ್ಟಳು. ಸಿಂಧನೂರಿಗೆ ಹೊರಟಿದ್ದ ಎತ್ತಿನ ಬಂಡಿಯಲ್ಲಿ ತೊಟ್ಟಿಲಿನ ಜೊತೆ ನಾನೂ ಕುಳಿತು ಬಂದೆ.

ಸಭೆಯ ದಿನ ತೊಟ್ಟಿಲನ್ನು ನಡುವೆ ಇಟ್ಟು ರಿಜಿಸ್ಟರ್ ಮುಚ್ಚಿದೆ. ಚಿಂದಿಗಳನ್ನೇ ಒಂದೊಂದಾಗಿ ಓದಿದೆ. ನಿಲ್ಲುವ ಗಂಡು, ಹಲ್ಲು ಬಂದ ಹೆಣ್ಣು, ಚಲೋ ಐತಂತ ಸುದ್ದಿ ಬಂದ ಇನ್ನೊಂದು ಹೆಣ್ಣು. ಹೆಂಗಸರು ನಕ್ಕರು. ಹಳದಿ ಚಿಂದಿಗೆ ಬಂದಾಗ ಅಧ್ಯಕ್ಷರು ಕೇಳಿದರು, "ಅದಕ್ಕ ಎರಡು ಗಂಟು ಯಾಕ?"

ಮುದುಕಿ ಹೇಳಿದ್ದನ್ನು ಹಾಗೆಯೇ ಹೇಳಿದೆ. ಅಧ್ಯಕ್ಷರು ಆ ಗಂಟನ್ನು ಮುಟ್ಟಿ ನೋಡಿದರು. ಆಮೇಲೆ, "ಇವತ್ತಿಗೆ ಸಾಕು," ಎಂದು ಎದ್ದು ಹೋದರು. ಕ್ಯಾಂಪಿನವರಿಗೆ ಕೊಡುವುದೋ ಬಿಡುವುದೋ ಏನೂ ಹೇಳಲಿಲ್ಲ. ಅವರ ತೊಟ್ಟಿಲಿಗೆ ಚಿಂದಿ ಕಟ್ಟಿದ್ದಕ್ಕೆ ಬೇಜಾರಾಯಿತೇನೋ ಎಂದು ನಾನು ಮನೆಗೆ ಹೋಗಿ ಊಟ ಕೂಡ ಮಾಡಲಿಲ್ಲ.

ಮಂಡಳಿಯ ಕೋಣೆ ಅವರ ಮನೆಗೆ ಹತ್ತಿದಂತೆಯೇ ಇತ್ತು, ಕೀಲಿಕೈ ಅವರಲ್ಲಿ ಒಂದು, ನನ್ನಲ್ಲಿ ಒಂದು. ಬೆಳಿಗ್ಗೆ ಹೋಗಿ ಬಾಗಿಲು ತೆಗೆದೆ. ತೊಟ್ಟಿಲ ಪಟ್ಟಿಯ ಮೇಲೆ, ಮೊದಲನೆಯ ಕೆಂಪು ಚಿಂದಿಗಿಂತಲೂ ಮುಂಚೆ, ಇನ್ನೊಂದು ಚಿಂದಿ ಬಂದಿತ್ತು. ಬಣ್ಣ ಮಾಸಿದ ಇಳಕಲ್ ಸೀರೆಯದು. ಅದಕ್ಕೆ ಎರಡು ಗಂಟು ಇದ್ದವು.

ಮಲಗಿತ್ತಲ್ರೀ ಇದರಾಗ ಎಂದ ಮುದುಕಿಯ ಮಾತು ನೆನಪಾಯಿತು. ಹಿಂದೆ ಬಳೆಯ ಸಪ್ಪಳವಾಯಿತು. ಅಧ್ಯಕ್ಷರು ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಎಂದಿನದೇ.

"ಆ ಬಸುರಿ ದಿನಾ ಬಂದು ನಿಂದರ್ತಾಳಲ್ಲ, ಅಕಿಗೆ ಕೊಟ್ಟು ಕಳಿಸು."

ನಾನು ರಿಜಿಸ್ಟರ್ ತೆಗೆದೆ. ಹಿಂದಿನ ಸಂಜೆಯೇ ಕೊನೆಯಲ್ಲಿ ಇನ್ನೊಂದು ಗೆರೆ ಎಳೆದು, ಕೂಸು ಹೇಗಿದೆ ಎಂದು ಹೊಸ ಖಾನೆ ಮಾಡಿದ್ದೆ. ಅವರು ಅದನ್ನು ಓದಿದರು.

"ಜಾಮೀನು ಯಾರದು ಬರೀಲಿ ಅಮ್ಮಾರ?" ಎಂದೆ.

"ನಂದು ಬರಿ."

ಬರೆದೆ. ಅವತ್ತು ಅಕ್ಷರ ದುಂಡಗೆ ಬರಲಿಲ್ಲ.