ತಾಂಡೇಲನ ಮುಂದಿನ ಸೀಟು

ನಮ್ಮ ಅಪ್ಪ ತನ್ನ ಪ್ರಾಯವನ್ನೆಲ್ಲ ಬೋಟಿನ ತಾಂಡೇಲನಾಗಿ ಕಳೆದವನು. ತಾಂಡೇಲನೆಂದರೆ ಬೋಟಿನ ಯಜಮಾನನಲ್ಲ, ಆದರೆ ನೀರಿನ ಮೇಲೆ ಅವನ ಮಾತೇ ಕಡೆಯ ಮಾತು. ಎಂಥ ಗಾಳಿ ಬಂದರೂ ಅವನಿಗೆ ಒಂದು ಸಲವೂ ತಲೆ ತಿರುಗಿದ್ದಿಲ್ಲ ಎಂದು ಜೊತೆಗೆ ಹೋಗುತ್ತಿದ್ದವರು ಈಗಲೂ ಹೇಳುತ್ತಾರೆ. ಅದೇ ಅಪ್ಪ ಬಸ್ಸು ಹತ್ತಿದರೆ ಎರಡು ಸ್ಟಾಪು ದಾಟುವುದರೊಳಗೆ ಕಿಟಕಿಯ ಹೊರಗೆ ತಲೆ ಹಾಕುತ್ತಿದ್ದ. ಜೀಪು, ರಿಕ್ಷಾ, ದಿಬ್ಬಣದ ವ್ಯಾನು, ಯಾವುದರಲ್ಲಿ ಕೂತರೂ ಅದೇ ಕಥೆ. ಮದುವೆ ಊಟಕ್ಕೆ ಹೋದವನು ಊಟ ಮಾಡದೆ ವಾಪಸ್ ಬಂದದ್ದೂ ಉಂಟು.

ಇದು ನಗುವ ವಿಷಯವಾಗಿಯೇ ಉಳಿಯುತ್ತಿತ್ತು, ಅತ್ತೆ ಒಬ್ಬಳು ಇಲ್ಲದಿದ್ದರೆ. ಅಪ್ಪನಿಗೆ ಇದ್ದವಳು ಒಬ್ಬಳೇ ಅಕ್ಕ. ಅಜ್ಜಿ ಬೇಗ ತೀರಿಕೊಂಡದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು, ಅನ್ನ ಕಲಸಿ ತಿನ್ನಿಸಿ ಬೆಳೆಸಿದವಳು ಅವಳು. ಮಾವ ಸಿದ್ದಾಪುರದ ಪೇಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟದ್ದರಿಂದ ಮದುವೆಯಾದ ಮೇಲೆ ಅತ್ತೆ ಕಡಲು ಬಿಟ್ಟು ಒಳಗಿನ ಊರಿಗೆ ಹೋದಳು. ಮೊದಲೆಲ್ಲ ಹಬ್ಬಕ್ಕೆ ಅವಳೇ ಬಸ್ಸು ಹಿಡಿದು ಬರುತ್ತಿದ್ದಳು. ಮೊಣಕಾಲು ನೋವು ಶುರುವಾದ ಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದು ಆಗದ ಕೆಲಸವಾಯಿತು. ಹೋಗೋಣವೆಂದರೆ ಅಪ್ಪನಿಗೆ ಹೊಟ್ಟೆ ಬಿಡದು, ಬರೋಣವೆಂದರೆ ಅತ್ತೆಗೆ ಕಾಲು ಬಿಡದು. ಹೀಗೆ ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳೇ ಕಳೆದವು. ಭಾನುವಾರ ಫೋನು ಬರುತ್ತಿತ್ತು. "ಊಟ ಆಯ್ತಾ?" "ಆಯ್ತ್." "ಎಂತ ಮೀನ್?" "ಬಂಗ್ಡೆ." ಇಷ್ಟೇ ಮಾತು. ಫೋನಿಟ್ಟ ಮೇಲೆ ಅಪ್ಪ ಜಗಲಿಯ ತುದಿಗೆ ಹೋಗಿ ರಸ್ತೆಯ ಕಡೆ ನೋಡುತ್ತ ಕೂರುತ್ತಿದ್ದ. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ನಾನು ಆಗ ಕುಂದಾಪುರದ ಒಂದು ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬೈಂದೂರು ಕಡೆಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬರುತ್ತಿದ್ದವಳು, ಎರಡು ಸಾವಿರದ ಏಳೋ ಎಂಟೋ ಇರಬೇಕು, ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಕೆಂಪು ಬಣ್ಣ, ಹಿಂದೆ ಡಿಕ್ಕಿ ಚಾಚದ ಗಿಡ್ಡ ಕಾರು. ಮೈ ಚಿಕ್ಕದು, ಬಾನೆಟ್ಟಿನ ಒಳಗೆ ಮಾತ್ರ ದೊಡ್ಡ ಕಾರಿಗೆ ಹಾಕುವ ಸಾವಿರದ ಆರುನೂರು ಸಿಸಿ ಎಂಜಿನ್. ಅಪ್ಪನನ್ನು ಅತ್ತೆಯ ಮನೆಗೆ ಕರೆದುಕೊಂಡು ಹೋಗಲಿಕ್ಕೆ ಎಂದು ಎಲ್ಲರಿಗೂ ಹೇಳಿದೆ. ಅಮ್ಮ ನಂಬಲಿಲ್ಲ. "ಸಿದ್ದಾಪ್ರಕ್ಕೆ ಹೋಪುಕೆ ಅಷ್ಟ್ ಜೋರಿನ ಗಾಡಿ ಎಂತಕೆ? ಅಲ್ಲಿ ಎಂತ ಬೆಂಕಿ ಬಿದ್ದಿತಾ?" ಎಂದು ಕೇಳಿದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎರಡನೇ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟುವ ಆ ಸುಖಕ್ಕೆ ನಾನು ಮೊದಲ ದಿನವೇ ಮರುಳಾಗಿದ್ದೆ.

ಬ್ರಹ್ಮಾವರದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಇಂಥ ಕಾರುಗಳ ಹುಚ್ಚು ನನಗಿಂತ ಒಂದು ಕೈ ಹೆಚ್ಚೇ ಇದ್ದವನು. ಸಂಬಳ ಬಂದ ಹಾಗೆ ಒಂದೊಂದಾಗಿ ಅವನ ಕೈಯಲ್ಲಿ ಮಾಡಿಸುತ್ತ ಹೋದೆ. ಗಾಳಿ ಹೆಚ್ಚು ಎಳೆಯುವ ಫಿಲ್ಟರ್ ಬಂತು. ಅಗಲದ ಟೈರು ಬಂತು. ಸ್ಪ್ರಿಂಗ್ ಬದಲಿಸಿ ಕಾರನ್ನು ನೆಲಕ್ಕೆ ಇಳಿಸಿದೆವು. ಸೈಲೆನ್ಸರ್ ಬದಲಿಸಿದ ಮೇಲೆ ಕಾರು ಮರವಂತೆ ದಾಟುವಾಗಲೇ ಮನೆಯಲ್ಲಿ ಅಮ್ಮ ಒಲೆಯ ಮೇಲೆ ಚಾ ನೀರು ಇಡುತ್ತಾಳೆ ಎಂದು ತಮಾಷೆ ಮಾಡುತ್ತಿದ್ದರು. ಮುಂದಿನ ಎರಡೂ ಸೀಟು ತೆಗೆಸಿ, ಪಕ್ಕೆ ಹಿಡಿದುಕೊಳ್ಳುವ, ತೀರ ತಗ್ಗಿನ ರೇಸಿನ ಸೀಟು ಹಾಕಿಸಿದೆ. ಸಂಜೆಯ ಬಿಸಿಲು ಕಡಲ ಕಡೆಯಿಂದ ಮುಖಕ್ಕೆ ಹೊಡೆಯುತ್ತದೆಂದು ಗಾಜಿಗೆಲ್ಲ ಕಪ್ಪು ಫಿಲ್ಮು. ಮುಂದಿನ ಗಾಜಿನ ಮೇಲ್ಭಾಗಕ್ಕೂ ಒಂದು ಅಗಲದ ಪಟ್ಟಿ.

ನಮ್ಮ ಕಡೆ ಕಾರು ಇಟ್ಟುಕೊಳ್ಳುವುದೆಂದರೆ ತುಕ್ಕಿನ ಜೊತೆ ಸಂಸಾರ ಮಾಡಿದ ಹಾಗೆ. ಉಪ್ಪು ಗಾಳಿ ಒಂದು ಕಡೆ, ಹೆದ್ದಾರಿಯಲ್ಲಿ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ನೀರು ಇನ್ನೊಂದು ಕಡೆ. ನಾನು ಭಾನುವಾರ ಬೆಳಿಗ್ಗೆ ಪೈಪು ಹಿಡಿದು ಕಾರಿನ ಅಡಿ ತೊಳೆಯುವುದನ್ನು ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದ. ಕಾರಿನೊಳಗೆ ಕೂರಲು ಒಪ್ಪದವನಿಗೆ ಅದರ ಅಡಿಯ ಬಗ್ಗೆ ಮಾತ್ರ ಬಹಳ ಅಭಿಪ್ರಾಯಗಳಿದ್ದವು. "ನೀರ್ ಹಾಕ್ರೆ ತುಕ್ಕ್ ಹೋತಿಲ್ಲೆ ಹೆಣೆ. ಗೇರೆಣ್ಣೆ ಹಾಕ್ಕ್" ಎನ್ನುತ್ತಿದ್ದ. ಹುಡುಗಿಯರನ್ನು ನಮ್ಮ ಕಡೆ ಕರೆಯುವುದೇ ಹೆಣೆ ಎಂದು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆಯನ್ನು ನಮ್ಮವರು ಮಳೆಗಾಲಕ್ಕೆ ಮೇಲೆ ಎಳೆದ ಮರದ ದೋಣಿಗಳಿಗೆ ಬಳಿಯುತ್ತಾರೆ. ನೀರು ಹತ್ತಿರ ಸುಳಿಯುವುದಿಲ್ಲ, ಹುಳವೂ ಹಿಡಿಯುವುದಿಲ್ಲ. ನಮ್ಮ ಕಾರ್ಖಾನೆಯಲ್ಲೇ ಸಿಗುವ ವಸ್ತು. ಒಂದು ಕ್ಯಾನು ತಂದುಕೊಟ್ಟೆ.

ನಾನು ಕಾರು ಬಿಟ್ಟು ದಿಬ್ಬಣದ ವ್ಯಾನಿನಲ್ಲಿ ಮದುವೆಯೊಂದಕ್ಕೆ ಹೋದ ದಿನ ಅಪ್ಪ ನೆರೆಮನೆಯವರನ್ನು ಕರೆದು, ಕಾರನ್ನು ತೆಂಗಿನ ದಿಮ್ಮಿಗಳ ಮೇಲೆ ಏರಿಸಿ, ದೋಣಿಗೆ ಬಳಿಯುವ ಕ್ರಮದಲ್ಲೇ ಬಳಿದ. ದೋಣಿಯ ಅಡಿಯಲ್ಲಿ ಒಂದು ಅಂಗೈ ಜಾಗವನ್ನೂ ಬಿಡಬಾರದು ಎನ್ನುವುದು ಅವರ ನಿಯಮ. ಅಪ್ಪ ಬಿಡಲಿಲ್ಲ. ಸೈಲೆನ್ಸರಿಗೂ, ಎಂಜಿನ್ನಿನಿಂದ ಹಿಂದಿನ ತುದಿಯವರೆಗಿನ ಹೊಗೆ ಕೊಳವೆಗೂ ಎರಡೆರಡು ಕೈ ಹೆಚ್ಚೇ ಬಳಿದ.

ಮರುದಿನ ತಲ್ಲೂರು ಮುಟ್ಟುವ ಹೊತ್ತಿಗೆ ಕೊಳವೆ ಕಾದು ಕಾರಿನ ಸುತ್ತ ಹೊಗೆ ಎದ್ದಿತು. ಗೇರೆಣ್ಣೆ ಸುಟ್ಟ ಹೊಗೆ ಎಂದರೆ ಮೆಣಸು ಹುರಿದ ಹೊಗೆಗಿಂತ ಕೆಟ್ಟದು. ನಾನು ಕಣ್ಣು ಬಿಡಲಾಗದೆ ಕಾರು ನಿಲ್ಲಿಸಿ ಕೆಮ್ಮುತ್ತ ಹೊರಗೆ ಬಂದೆ. ಬಸ್‌ಸ್ಟಾಪಿನಲ್ಲಿದ್ದವರು ಬೆಂಕಿ ಎಂದುಕೊಂಡು ಕೊಡದಲ್ಲಿ ನೀರು ತಂದರು. ಆಮೇಲೆ ವಾಸನೆ ಹಿಡಿದು ಒಬ್ಬರು ನಿಧಾನಕ್ಕೆ ಕೇಳಿದರು, "ಹ್ವಾಯ್, ಇದ್ ಕಾರಾ, ದೋಣಿಯಾ?" ಮನೆಗೆ ಬಂದು ಅಪ್ಪನ ಮೇಲೆ ಹಾರಾಡಿದೆ. ಅವನು ತಣ್ಣಗೆ, "ದೋಣಿಗ್ ಹೊಗೆ ಕೊಳ್ವೆ ಅಡಿಯಂಗ್ ಇರತ್ತಿಲ್ಲೆ. ನಿನ್ ಗಾಡಿ ಮಾಡ್ದವ್ರ್ ಅಲ್ಲಿ ಇಟ್ರೆ ನಾನ್ ಎಂತ ಮಾಡುದ್?" ಎಂದ. ಆದರೂ ಒಂದು ಮಾತು ಹೇಳಬೇಕು. ಕೊಳವೆಯ ಎಣ್ಣೆ ಉರಿದು ಹೋಯಿತು, ಉಳಿದ ಅಡಿಗೆ ಮಾತ್ರ ಮುಂದೆ ತುಕ್ಕು ಹಿಡಿಯಲೇ ಇಲ್ಲ.

ಆ ಬೇಸಗೆಯಲ್ಲಿ ಅತ್ತೆ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಆದರೆ ಹಾಸಿಗೆ ಹಿಡಿದಳು. ಆ ಭಾನುವಾರ ಫೋನಿನಲ್ಲಿ ಮೀನಿನ ಮಾತು ಬರಲಿಲ್ಲ. "ಒಂದ್ಸಲ ಬಂದ್ ಹೋಗಾ" ಎಂದಳಂತೆ. ಅಪ್ಪ ಅಂಗಿ ಹಾಕಿಕೊಂಡು ತಾನಾಗಿಯೇ ಕಾರಿನ ಹತ್ತಿರ ಬಂದು ನಿಂತ. ಅವನನ್ನು ಪಕ್ಕದಲ್ಲಿ ಕೂರಿಸಿ ಹೊರಟೆ. ಹೆದ್ದಾರಿಯುದ್ದಕ್ಕೂ ಅವನು ಹಲ್ಲು ಕಚ್ಚಿಕೊಂಡು ತಡೆದ. ತಲ್ಲೂರಿನಲ್ಲಿ ಹೆದ್ದಾರಿ ಬಿಟ್ಟು ಸಿದ್ದಾಪುರದ ದಾರಿ ಹಿಡಿದ ಮೇಲೆ ತಿರುವುಗಳು ಶುರುವಾಗುತ್ತವೆ. ಇಳಿಸಿದ ಕಾರು ಪ್ರತಿ ಹೊಂಡಕ್ಕೂ ಕುಟ್ಟಿ ಹಾಕುತ್ತಿತ್ತು. ಮೂರನೆಯ ತಿರುವಿನಲ್ಲಿ ಅಪ್ಪ ಬಾಗಿಲು ತಟ್ಟಿದ. ಇಳಿದು, ಮತ್ತೆ ಹತ್ತಿ, ಮತ್ತೆ ಇಳಿದು, ಕೊನೆಗೆ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಮುಖ ಬಿಳಿಚಿತ್ತು. "ಆತಿಲ್ಲೆ ಹೆಣೆ. ತಿರ್ಗ್ಸ್" ಎಂದ. ಬಿರುಗಾಳಿಯಲ್ಲೂ ಬೋಟು ತಿರುಗಿಸದವನ ಬಾಯಲ್ಲಿ ಆ ಮಾತು ಕೇಳಿ ನನಗೆ ಅಳು ಬಂತು.

ಮರುದಿನ ನೋಡಿದರೆ ಅಪ್ಪ ಅಂಗಳದಲ್ಲಿ ನಿಂತ ಕಾರಿನ ಮುಂದಿನ ಸೀಟಿನಲ್ಲಿ ಒಬ್ಬನೇ ಕೂತಿದ್ದ. ಕುತ್ತಿಗೆ ಆಚೆ ಈಚೆ ಉದ್ದ ಮಾಡಿ ನೋಡುತ್ತಿದ್ದ.

"ಎಂತ ಅಪ್ಪ?"

"ಇಲ್ಲಿ ಕೂಕಂಡ್ರೆ ನಂಗೆ ಎಂತದೂ ಕಾಂತಿಲ್ಲೆ. ಬೋಟಿನ ಅಡಿಯಂಗೆ ಮೀನಿನ್ ಒಟ್ಟಿಗೆ ಕೂಕಂಡಾಂಗ್ ಆತ್ತ್. ಅಲ್ಲ್ ಕೂಕಂಡ್ರೆ ಯಾರಿಗಾರೂ ತಲೆ ತಿರ್ಗತ್ತ್."

ನಾನು ಅವನನ್ನು ಎಬ್ಬಿಸಿ ಅಲ್ಲಿ ಕೂತು ನೋಡಿದೆ. ತಗ್ಗಿನ ಸೀಟು, ಮೇಲಿಂದ ಕಪ್ಪು ಪಟ್ಟಿ, ಪಕ್ಕದಲ್ಲಿ ಕಪ್ಪು ಗಾಜು. ಅಪ್ಪನಷ್ಟು ಗಿಡ್ಡ ಆಳಿಗೆ ಕಾಣುವುದು ಡ್ಯಾಶ್‌ಬೋರ್ಡು ಮತ್ತು ಒಂದು ತುಂಡು ಆಕಾಶ. ಅಷ್ಟು ಆಸೆಪಟ್ಟು ಮಾಡಿಸಿದ್ದನ್ನೆಲ್ಲ ಬಿಚ್ಚಿಸಬೇಕಲ್ಲ ಎಂದು ಹೊಟ್ಟೆ ಉರಿಯಿತು. ಅಂದು ಸಂಜೆಯೇ ಬ್ರಹ್ಮಾವರಕ್ಕೆ ಹೋದೆ.

"ಹಾಕ್ಸುಕೂ ನೀವೇ ಹೇಳ್ದ್ರಿ, ತೆಗ್ಸುಕೂ ನೀವೇ ಹೇಳ್ತ್ರಿ" ಎಂದು ಮೆಕ್ಯಾನಿಕ್ ಮೂಗು ಮುರಿದ. ತನ್ನದೇ ಮಗುವಿನ ತಲೆ ಬೋಳಿಸುವವನ ಹಾಗೆ ಬೇಸರದಲ್ಲೇ ಕೆಲಸ ಮಾಡಿದ. ಫಿಲ್ಮು ಕಿತ್ತ. ಎಡಗಡೆಗೆ ಕಾರಿನ ಹಳೆಯ ಸೀಟನ್ನೇ ಹಾಕಿ, ಅಡಿಗೆ ಕಬ್ಬಿಣದ ತುಂಡು ಕೊಟ್ಟು ಎತ್ತರಿಸಿದ. ಸ್ಪ್ರಿಂಗೂ ಹಳೆಯದೇ ಬಂತು. ಶಾಕ್ ಅಬ್ಸಾರ್ಬರ್ ಮಾತ್ರ ಒಳ್ಳೆಯದು ತರಿಸಿದೆ, ಕಾರು ಕುಟ್ಟಬಾರದು, ತೂಗಾಡಲೂಬಾರದು ಎಂದು. ಸೈಲೆನ್ಸರಿನ ಗರ್ಜನೆಯೂ ಹೋಯಿತು. "ಎಂಜಿನ್?" ಎಂದು ಕೇಳಿದ. ಅದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ. ಅವನು ಆಗ ನಕ್ಕ. ಮನೆಗೆ ಬರುವಾಗ ಆ ಕಾರು ಮೊದಲಿಗಿಂತ ಚೆನ್ನಾಗಿ ರಸ್ತೆ ಹಿಡಿಯುತ್ತಿದೆ ಎಂದು ನನಗೇ ಗೊತ್ತಾಯಿತು. ಆದರೆ ಅವನಿಗೆ ಫೋನು ಮಾಡಿ ಹೇಳಲಿಲ್ಲ.

ಭಾನುವಾರ ಮತ್ತೆ ಹೊರಟೆವು. ಅಪ್ಪ ಹೊಸ ಎತ್ತರದಲ್ಲಿ ಕೂತು, ಎರಡೂ ಕೈ ಮೊಣಕಾಲ ಮೇಲೆ ಇಟ್ಟು, ಮುಂದೆ ನೋಡುತ್ತಿದ್ದ. ತಲ್ಲೂರು ದಾಟಿ ಮೊದಲ ತಿರುವು ಬಂದಾಗ ಅವನ ಎಡಗೈ ತಾನಾಗಿಯೇ ಎದ್ದಿತು. ಅಳಿವೆಯ ಬಾಯಿಯಲ್ಲಿ ಬೋಟು ಒಳಗೆ ಬರುವಾಗ ತಾಂಡೇಲ ಎದುರು ನಿಂತು ತೆರೆ ನೋಡಿ ಕೈ ತೋರಿಸುತ್ತಾನೆ, ಹಿಂದೆ ಚುಕ್ಕಾಣಿ ಹಿಡಿದವನು ಆ ಕೈಯನ್ನೇ ನೋಡಿ ತಿರುಗಿಸುತ್ತಾನೆ. ಅದೇ ಕೈ ಅದು.

"ಎಡಕ್ಕ್ ಕೊಡ್. ಇನ್ನೂ ಇತ್ತ್. ಹ್ಞಾ, ಬಿಡ್."

ನಾನು ಬಾಯಿ ಮುಚ್ಚಿಕೊಂಡು ಅವನು ಹೇಳಿದ ಹಾಗೆ ತಿರುಗಿಸಿದೆ. "ಎದ್ರಿಗ್ ಬಸ್ ಬತ್ತ್, ನಿಧಾನ. ಈಗ ಬಲಕ್ಕ್. ಹೊಂಡ, ಹೊಂಡ. ಎಳಿ ಈಗ." ಅವನು ಎಳೆ ಎಂದ ಕಡೆ ನಾನು ಎಳೆದೆ. ಆ ಎಂಜಿನ್ನಿಗೆ ಅಷ್ಟು ಒಳ್ಳೆಯ ದಿನ ಬೇರೆ ಬಂದಿರಲಿಲ್ಲ. ಹಿಂದಿನ ಸಲ ಕೂತುಬಿಟ್ಟಿದ್ದ ಮೋರಿ ಯಾವಾಗ ದಾಟಿತೋ ಅಪ್ಪನಿಗೆ ಗೊತ್ತೇ ಆಗಲಿಲ್ಲ. ಸಿದ್ದಾಪುರದ ಪೇಟೆ ಬಂದಾಗ ಅವನು ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿಕೊಂಡ, ಏನೋ ಮರೆತು ಬಂದವರ ಹಾಗೆ.

ಅತ್ತೆ ಹಾಸಿಗೆಯಿಂದ ಎದ್ದು ಗೋಡೆ ಹಿಡಿದುಕೊಂಡು ಹೊರಗಿನ ಮೆಟ್ಟಿಲವರೆಗೆ ಬಂದಳು. ತಮ್ಮನ ಗಲ್ಲ ಮುಟ್ಟಿ, "ಕೂದ್ಲೆಲ್ಲ ಬೆಳ್ಳಗ್ ಆಯ್ತಲಾ" ಎಂದಳು. ಅಪ್ಪ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಕಾಲ ಹತ್ತಿರ ಕೂತು, ತಲೆ ತಗ್ಗಿಸಿ ಮೊಣಕಾಲು ಒತ್ತತೊಡಗಿದ. ಊಟವಾದ ಮೇಲೆ ನಾನೇ ಕೇಳಿದೆ, "ಅತ್ತೆ, ನಮ್ಮನಿಗ್ ಬತ್ರ್ಯಾ? ಬಸ್ಸಿನಾಂಗ್ ಮೆಟ್ಲ್ ಇಲ್ಲೆ, ಈಗ ಸೀಟೂ ತಗ್ಗ್ ಇಲ್ಲೆ." ಅತ್ತೆ ಕಾರನ್ನು ಬಹಳ ಹೊತ್ತು ನೋಡಿದಳು. "ಕಡ್ಲ್ ಕಾಣ್ದೆ ಸುಮಾರ್ ವರ್ಷ ಆಯ್ತ್" ಎಂದಳು.

ಅವಳನ್ನು ಎಲ್ಲಿ ಕೂರಿಸುವುದೆಂದು ನಾನು ಇನ್ನೂ ಲೆಕ್ಕ ಹಾಕುತ್ತಿದ್ದೆ. ಕಾರಿಗೆ ಹಿಂದೆ ಬಾಗಿಲಿತ್ತು, ಆದರೆ ಜಾಗ ಇಕ್ಕಟ್ಟು, ಕಿಟಕಿ ಸಣ್ಣದು. ಅಷ್ಟರಲ್ಲಿ ಅಪ್ಪ ಮುಂದಿನ ಬಾಗಿಲು ತೆಗೆದು ಹಿಡಿದಿದ್ದ. "ಅಕ್ಕ ಎದುರು ಕೂಕಣ್ಲಿ. ಅವ್ಳಿಗ್ ಕಡ್ಲ್ ಕಾಣ್ಕ್" ಎಂದ.

"ಅಪ್ಪ, ನೀನು?"

"ನಂಗೆಂತ. ಹಿಂದೆ ಜಾಗ ಇತ್ತಲಾ."

ನನ್ನ ಜನ್ಮದಲ್ಲಿ ಅಷ್ಟು ನಿಧಾನ ಕಾರು ಓಡಿಸಿಲ್ಲ. ಆದರೂ ತಲ್ಲೂರು ಬರುವುದರೊಳಗೆ ಅಪ್ಪನಿಗೆ ಎರಡು ಸಲ ವಾಂತಿಯಾಯಿತು, ಹೆದ್ದಾರಿಯಲ್ಲಿ ಮತ್ತೊಂದು ಸಲ. ನಿಲ್ಲಿಸಲೇ ಎಂದರೆ ಕೈ ಬೀಸಿ ಹೋಗು ಎನ್ನುತ್ತಿದ್ದ. ಅತ್ತೆ ಹಿಂದೆ ತಿರುಗಿದರೆ ಬಾಯಿ ಒರೆಸಿಕೊಂಡು ಕಿಟಕಿ ನೋಡುತ್ತಿದ್ದ. ಮರವಂತೆಯಲ್ಲಿ ರಸ್ತೆಯ ಪಕ್ಕಕ್ಕೇ ಕಡಲು ಬಂದಾಗ ಹಿಂದಿನಿಂದ ಸೋತ ದನಿಯೊಂದು ಕೇಳಿತು.

"ಅಕ್ಕ, ಕಡ್ಲ್ ಕಾಂತಾ?"

"ಕಾಂತ್ ಮಗಾ" ಎಂದಳು ಅತ್ತೆ. ಅವಳು ಅಳುತ್ತಿದ್ದಳು.

ವಾರ ಕಳೆದು ಅತ್ತೆಯನ್ನು ಬಿಟ್ಟುಬರಲು ಹೊರಟೆವು. ನಾನು ಕೀಲಿಕೈ ಹಿಡಿದು ಅಂಗಳಕ್ಕೆ ಬರುವಾಗ ಅಪ್ಪ ಆಗಲೇ ಹಿಂದಿನ ಸೀಟಿನಲ್ಲಿದ್ದ, ತೊಡೆಯ ಮೇಲೆ ಅಮ್ಮನ ಬಾಲ್ದಿ ಇಟ್ಟುಕೊಂಡು. ಮುಂದಿನ ಬಾಗಿಲು ಅಕ್ಕನಿಗಾಗಿ ತೆರೆಯಲು ಅಲ್ಲಿಂದಲೇ ಕೈ ಚಾಚುತ್ತಿದ್ದ.